ಕಲಾವಿದರ ಹೆಸರು: ಆಮೇಲೆ ಹೇಳ್ತೀನಿ

ಜನನ ಮರಣ ನೋಂದಣಿ ಕಚೇರಿಯ ಮೂರನೇ ಕಿಟಕಿಯ ಹಿಂದೆ ಕೂತು ಇಪ್ಪತ್ತನಾಲ್ಕು ವರ್ಷದಿಂದ ಪರರ ಹೆಸರು ತಿದ್ದುತ್ತಾ ಬಂದ ಆ ಗುಮಾಸ್ತರನ್ನು ಜನ ಪ್ರೀತಿಗೋ ಅನುಕೂಲಕ್ಕೋ ತಿದ್ದುಪಡಿಯವರು ಅಂತಲೇ ಕರೆಯುತ್ತಿದ್ದರು. ಹೆಸರಿಗೆ ಒಂದು ಕೊಂಬು ಹೆಚ್ಚಾಗಿ ಬಿದ್ದಿದ್ದರೆ ಇಳಿಸುವುದು, ಒತ್ತು ತಪ್ಪಿಹೋಗಿದ್ದರೆ ಕೊಡುವುದು, ತಂದೆಯ ಹೆಸರಿನ ಜಾಗದಲ್ಲಿ ಮಗುವೂ ಮಗುವಿನ ಜಾಗದಲ್ಲಿ ತಂದೆಯೂ ಹುಟ್ಟಿಬಿಟ್ಟಿದ್ದರೆ ಇಬ್ಬರನ್ನೂ ಅವರವರ ಸ್ಥಾನಕ್ಕೆ ಕಳಿಸುವುದು ಅವರ ಕೆಲಸ. ಅವರ ಸ್ವಂತ ಹೆಸರಿನಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪೇ ಏನು, ಅದರಲ್ಲಿ ಯಾವ ವಿಶೇಷವೂ ಇರಲಿಲ್ಲ. ಅದೇ ಕಚೇರಿಯಲ್ಲಿ ಅದೇ ಹೆಸರಿನವರು ಇನ್ನೂ ಮೂವರಿದ್ದರು.

ಇಂಥವರಿಗೆ ಒಂದು ವಿಚಿತ್ರ ಅಭ್ಯಾಸ. ಭಾನುವಾರ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮುಖಪುಟ ಬಿಟ್ಟು, ಕ್ರಿಕೆಟ್ ಬಿಟ್ಟು, ಸೀದಾ 'ನಗರದಲ್ಲಿ ಇಂದು' ಎಂಬ ಅಂಕಣಕ್ಕೆ ಹೋಗಿ, ಎಲ್ಲೆಲ್ಲಿ ಚಿತ್ರಪ್ರದರ್ಶನ ಇದೆ ಎಂದು ಬೆರಳಿಟ್ಟು ಓದುತ್ತಿದ್ದರು. ಕಲಾವಿದರ ಹೆಸರು ನಮ್ಮ ನಿಮ್ಮಂಥದ್ದಾಗಿದ್ದರೆ ಬೆರಳು ಮುಂದಕ್ಕೆ ಹೋಗುತ್ತಿತ್ತು. 'ನೀಲಿ ಅಜ್ಜ' ಅಂತಲೋ 'ಅರ್ಧವಿರಾಮ' ಅಂತಲೋ ಇದ್ದರೆ ಅಲ್ಲೇ ನಿಲ್ಲುತ್ತಿತ್ತು.

"ಈ ವಾರ ಯಾರು?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳುವರು.

"ಒಂಟಿ ಕಾಲ್ಚೀಲ ಅಂತ."

"ಹೋಗಿ ಬನ್ನಿ. ಬರ್ತಾ ಸೋಪು ತನ್ನಿ."

ಇದಕ್ಕೆ ಕಾರಣ ಸೊಟ್ಟ. ಸೊಟ್ಟ ಅಂದರೆ ತಿದ್ದುಪಡಿಯವರ ಪ್ರಾಣಸ್ನೇಹಿತ. ಸ್ಕೇಲು ಕೊಟ್ಟರೂ ನೆಟ್ಟಗೆ ಗೆರೆ ಎಳೆಯಲಾರದವನು, ಹಾಗಾಗಿ ಆ ಹೆಸರು. ಇಬ್ಬರೂ ಓದು ಮುಗಿಸಿ ಕೆಲಸವಿಲ್ಲದೆ ಅಲೆಯುವಾಗ ಒಬ್ಬ ಬೋರ್ಡು ಪೇಂಟರ ಬಳಿ ಮೂರು ವರ್ಷ ಏಣಿ ಹತ್ತಿ ಅಂಗಡಿಗಳ ಹೆಸರು ಬರೆದಿದ್ದರು. ಅಕ್ಷರ ತಿದ್ದುಪಡಿಯವರದ್ದು, ಪಕ್ಕದಲ್ಲಿ ಸೈಕಲ್ಲೋ ಹೊಲಿಗೆ ಯಂತ್ರವೋ ಬೇಕಿದ್ದರೆ ಅದು ಸೊಟ್ಟನದ್ದು. ಅವನ ಸೈಕಲ್ಲುಗಳು ನಿಂತಲ್ಲೇ ಓಡುವಂತಿರುತ್ತಿದ್ದವು.

ದೊಡ್ಡ ಕಲಾವಿದನಾಗಲು ತನಗೆ ಎಲ್ಲ ಇದೆ, ಹೆಸರೊಂದು ಬಿಟ್ಟು, ಎಂದು ಸೊಟ್ಟ ನಂಬಿದ್ದ. "ನನ್ನ ಹೆಸರನ್ನ ಬೀದೀಲಿ ಕೂಗಿದ್ರೆ ಎಂಟು ಜನ ತಿರುಗಿ ನೋಡ್ತಾರೆ ಕಣೋ. ಇಂಥ ಹೆಸರಿಟ್ಕೊಂಡು ಯಾರಾದ್ರೂ ಚಿತ್ರ ಬರೀತಾರಾ?" ಎನ್ನುತ್ತಿದ್ದ. ಹಾಗಾಗಿ ತಿಂಗಳಿಗೊಂದು ಹೆಸರು ಬದಲಾಯಿಸಿದ. ಒಂದು ತಿಂಗಳು 'ಎಡಗೈ' ಆಗಿದ್ದ. ನೀನು ಬಲಗೈಯವನಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಹದಿನೈದು ದಿನ ಎಡಗೈಯಲ್ಲಿ ಬರೆಯಲು ಹೋಗಿ ಒಂದು ಔಷಧಿ ಅಂಗಡಿಯ ಬೋರ್ಡನ್ನು ಯಾರೂ ಓದಲಾಗದಂತೆ ಮಾಡಿದ. ಆಮೇಲೆ 'ಮೌನ' ಎಂದು ಹೆಸರಿಟ್ಟುಕೊಂಡು, ಅದನ್ನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಕೂಗಿ ಹೇಳಿ ಬಂದ.

ಅಷ್ಟರಲ್ಲಿ ತಿದ್ದುಪಡಿಯವರಿಗೆ ನೋಂದಣಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸೇರಿ ಎಂಟು ದಿನವಾಗಿತ್ತು. ಕಿಟಕಿಯ ಮುಂದೆ ಉದ್ದನೆಯ ಸಾಲು, ಬೆನ್ನ ಹಿಂದೆ ಹೊಸಬ ಹೇಗೆ ಮಾಡುತ್ತಾನೆಂದು ನೋಡುತ್ತಾ ನಿಂತ ಸಾಹೇಬರು. ಆಗ ಸೊಟ್ಟ ಕಿಟಕಿಯೊಳಗೆ ಮೂಗು ತೂರಿಸಿ, "ಏನೋ, ಸೀಲು ಗೀಲು ಎಲ್ಲ ಕೊಟ್ಟಿದ್ದಾರಲ್ಲೋ ನಿಂಗೆ" ಎಂದು ನಗುತ್ತಾ ಒಂದು ಅರ್ಜಿ ತಳ್ಳಿದ. ಕೋರಿದ ಹೊಸ ಹೆಸರು: ಬೂದಿ ಬೆಳದಿಂಗಳು. ಕಾರಣ: ಕಲೆ.

ತಿದ್ದುಪಡಿಯವರಿಗೆ ಕತ್ತಿನ ಹಿಂದೆ ಸಾಹೇಬರ ಉಸಿರು ತಾಗಿದಂತಾಯಿತು. ಅವರು ತಲೆ ಎತ್ತಲಿಲ್ಲ. "ಇದನ್ನ ಹೆಸರು ಅಂತ ನಮೂದಿಸೋಕೆ ಅವಕಾಶ ಇಲ್ಲ, ಸ್ವಾಮಿ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಮುಂದಿನವರು ಬರಲಿ" ಎಂದು, 'ತಿರಸ್ಕೃತ' ಎಂಬ ಸೀಲನ್ನು ಅರ್ಜಿಯ ಮೇಲೆ ಒತ್ತಿದರು. ಅವರ ಸೇವಾವಧಿಯ ಮೊಟ್ಟಮೊದಲ ತಿರಸ್ಕೃತ ಅದು. ಸಾಹೇಬರು ಹಿಂದಿನಿಂದ "ಭೇಷ್" ಅಂದರು. ಸಂಜೆ ಪೇಂಟರ ಅಂಗಡಿಗೆ ಓಡಿದರೆ ಸೊಟ್ಟನ ಕುಂಚಗಳಿರಲಿಲ್ಲ. ಮನೆಗೆ ಹೋದರೆ ಸೊಟ್ಟನೂ ಇರಲಿಲ್ಲ. ಎಲ್ಲಿಗೆ ಹೋದ ಎಂದು ಅವನ ತಾಯಿಗೂ ಹೇಳಿರಲಿಲ್ಲ.

ಅಂದಿನಿಂದ ಈ ಹುಡುಕಾಟ. ಎಲ್ಲೋ ಒಂದು ಕಡೆ ಯಾವುದೋ ತಲೆಕೆಟ್ಟ ಹೆಸರಿನಲ್ಲಿ ಸೊಟ್ಟ ಚಿತ್ರ ಬರೆಯುತ್ತಿದ್ದಾನೆ ಎಂಬುದರಲ್ಲಿ ತಿದ್ದುಪಡಿಯವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನೀಲಿ ಅಜ್ಜನನ್ನು ನೋಡಲು ಎರಡು ಬಸ್ಸು ಬದಲಾಯಿಸಿ ಹೋದರೆ, ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು "ನಾನೇ ಅಂಕಲ್, ಅಜ್ಜ" ಎಂದಳು. 'ತುಂತುರು' ಎಂಬ ಕಲಾವಿದನನ್ನು ಹಿಂದಿನಿಂದ ನೋಡಿದಾಗ ಹೆಗಲು, ನಿಲುವು ಎಲ್ಲ ಸೊಟ್ಟನಂತೆಯೇ ಕಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಬೆನ್ನ ಮೇಲೆ ಬಲವಾಗಿ ಒಂದು ಗುದ್ದು ಕೊಟ್ಟರು. ತಿರುಗಿದವರು ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರು. ಅವರು ಪ್ರದರ್ಶನದ ಕರಪತ್ರದ ಹಿಂಬದಿಯಲ್ಲೇ ತಿದ್ದುಪಡಿಯವರ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಆಮೇಲೆ ಪ್ರತಿ ವರ್ಷ ತಮ್ಮ ಪ್ರದರ್ಶನಕ್ಕೆ ಕರೆ ಕಳಿಸತೊಡಗಿದರು. ಹೇಳಿಕೆ ಇನ್ನೂ ಅವರ ಬಳಿಯೇ ಇದ್ದುದರಿಂದ ಹೋಗದೆ ವಿಧಿಯಿರಲಿಲ್ಲ.

ಕೊನೆಗೆ ಹೆಂಡತಿಯೇ ದಾರಿ ತೋರಿಸಿದರು. ಒಂದು ಭಾನುವಾರ ಗಂಡ ಬರಿಗೈಲಿ ಬಂದು, ಸೋಪೂ ಮರೆತು, ಕುರ್ಚಿಯಲ್ಲಿ ಕುಸಿದಾಗ ಆಕೆ ಹೇಳಿದರು. "ಅಲ್ಲಾ, ನೀವೇ ಯಾಕೆ ಹುಡುಕ್ಬೇಕು? ಅವರೇ ನಿಮ್ಮನ್ನ ಹುಡುಕೋ ಹಾಗೆ ಮಾಡಿ. ನೀವೂ ಒಂದು ಚಿತ್ರ ಬರೆದು ಇಡಿ. ಚಿತ್ರದವರು ಅಂದ್ಮೇಲೆ ಬಂದು ನೋಡ್ದೆ ಇರ್ತಾರಾ?"

"ನಾನು ಅಕ್ಷರದವನು ಕಣೆ."

"ಇಪ್ಪತ್ತನಾಲ್ಕು ವರ್ಷದಿಂದ ಅಕ್ಷರಾನೂ ಬರೆದಿಲ್ಲ, ಬರೀ ತಿದ್ದಿದ್ದೀರಿ. ಬರೀರಿ."

ಒಂದೂವರೆ ತಿಂಗಳು ಹಿತ್ತಲಿನಲ್ಲಿ ಬಟ್ಟೆ ಒಣಗುವ ಜಾಗವನ್ನೆಲ್ಲ ಆಕ್ರಮಿಸಿಕೊಂಡು ತಿದ್ದುಪಡಿಯವರು ಒಂದು ಚಿತ್ರ ಬರೆದರು. ಗೋಡೆಗೆ ಒರಗಿಸಿದ ಏಣಿ. ಏಣಿಯ ಬುಡದಲ್ಲಿ ಎರಡು ಜೊತೆ ಚಪ್ಪಲಿ. ಮನುಷ್ಯರಿಲ್ಲ, ಅವರು ಮೇಲಿದ್ದಾರೆ, ಚಿತ್ರದ ಆಚೆ. ಅದರಲ್ಲಿ ಒಂದು ಚಪ್ಪಲಿಯ ಪಟ್ಟಿ ಕಿತ್ತು, ಪಿನ್ನು ಚುಚ್ಚಿತ್ತು. ಹೆಂಡತಿ ಬಂದು ಬಹಳ ಹೊತ್ತು ನೋಡಿ, "ಪಿನ್ನಿಂದು ಅವರದ್ದಾ?" ಎಂದರು. ಗಂಡ ತಲೆಯಾಡಿಸಿದರು. ಆಕೆ ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ವಾರ್ಷಿಕ ಚಿತ್ರಪ್ರದರ್ಶನಕ್ಕೆ ಚಿತ್ರ ಒಪ್ಪಿಸುವ ಕೌಂಟರಿನಲ್ಲಿ ಒಬ್ಬಾಕೆ ಕಿವಿ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡು, ಆ ಕಡೆ ಯಾರಿಗೋ ಜ್ವರಕ್ಕೆ ಏನು ಮಾಡಬೇಕೆಂದು ಹೇಳುತ್ತಾ, ಈ ಕಡೆ ಫಾರ್ಮು ತುಂಬುತ್ತಿದ್ದರು.

"ಕಲಾವಿದರ ಹೆಸರು?"

ತಿದ್ದುಪಡಿಯವರು ತಬ್ಬಿಬ್ಬಾದರು. ಚಿತ್ರದ ಗಡಿಬಿಡಿಯಲ್ಲಿ ಇದೊಂದನ್ನು ಯೋಚಿಸಿಯೇ ಇರಲಿಲ್ಲ. ತಮ್ಮ ಹೆಸರು ಹೇಳಿದರೆ ಸೊಟ್ಟ ತಿರುಗಿಯೂ ನೋಡುವುದಿಲ್ಲ. ಅವನ ಕಣ್ಣಿಗೆ ಬೀಳುವಂಥ ಹೆಸರು ಬೇಕು. ಅಂಥದ್ದು ನಿಂತ ನಿಲುವಿನಲ್ಲಿ ಎಲ್ಲಿ ಸಿಗಬೇಕು?

"ಆಮೇಲೆ ಹೇಳ್ತೀನಿ" ಎಂದರು.

ಆಕೆ ಬರೆದುಕೊಂಡರು. "ಚಿತ್ರದ ಹೆಸರು?"

"ಅದೂ ಆಮೇಲೆ."

ಅದನ್ನೂ ಬರೆದುಕೊಂಡರು. ಜ್ವರದವರಿಗೆ ಬಿಸಿನೀರು ಕುಡಿಸಲು ಹೇಳಿ, ರಸೀದಿ ಹರಿದುಕೊಟ್ಟು, ಕಿಟಕಿ ಮುಚ್ಚಿದರು. ಊಟದ ಸಮಯ.

ಮುಂದಿನ ಭಾನುವಾರ ಪೇಪರ್ ತೆರೆದ ತಿದ್ದುಪಡಿಯವರ ಬೆರಳು ಒಂದು ಕಡೆ ನಿಂತಿತು. ಇಂಥ ವಿಚಿತ್ರ ಹೆಸರು ಈವರೆಗೆ ಸಿಕ್ಕಿರಲಿಲ್ಲ. ಇವನು ಸೊಟ್ಟನೇ ಎಂದು ಅರ್ಧ ಎದ್ದೇಬಿಟ್ಟಿದ್ದರು. ಅಷ್ಟರಲ್ಲಿ ಕೆಳಗಿನ ಸಾಲುಗಳು ಕಂಡವು. ಕಲಾವಿಮರ್ಶಕರು ಬರೆದಿದ್ದರು: 'ಈ ಸಲದ ಅಚ್ಚರಿ, ಆಮೇಲೆ ಹೇಳ್ತೀನಿ ಎಂಬ ಕಲಾವಿದರ ಅದೂ ಆಮೇಲೆ ಎಂಬ ಕೃತಿ. ಹೆಸರನ್ನೇ ಮುಂದೂಡುವ ಧೈರ್ಯ ನಮ್ಮಲ್ಲಿ ಇದುವರೆಗೆ ಯಾರಿಗಿತ್ತು? ಎರಡು ಜೊತೆ ಚಪ್ಪಲಿಗಳಲ್ಲಿ ಒಂದು ಇರವು, ಇನ್ನೊಂದು ಇಲ್ಲದಿರವು. ಇಲ್ಲಿ ನಾವು ಏಣಿಯನ್ನು ಹತ್ತುವುದಿಲ್ಲ, ಏಣಿಯೇ ನಮ್ಮನ್ನು ಹತ್ತುತ್ತದೆ.' ಪಕ್ಕದಲ್ಲಿ ಏಣಿಯ ಫೋಟೋ.

ಬಟ್ಟೆ ಒಣಗುವ ಜಾಗದಲ್ಲಿ ಆ ಏಣಿಯನ್ನು ದಿನಾ ನೋಡಿದ್ದ ನೆರೆಮನೆಯವರಿಂದ ಸುದ್ದಿ ಒಂದೇ ದಿನದಲ್ಲಿ ಬೀದಿ ದಾಟಿತು. ಮೇಲಿನ ಮನೆಯಾಕೆ, "ಹೆಸರು ಬದಲಾಯಿಸ್ಕೊಂಡ್ರಂತೆ, ಜಾತಕದಲ್ಲಿ ಏನಾದ್ರೂ ತೊಂದ್ರೇನಾ?" ಎಂದು ವಿಚಾರಿಸಿಕೊಂಡು ಹೋದರು. ಹೆಂಡತಿಯ ತಮ್ಮ ಫೋನ್ ಮಾಡಿ, "ಭಾವ, ಇನ್ಮೇಲೆ ನಿಮ್ಮನ್ನ ಏನಂತ ಪರಿಚಯ ಮಾಡ್ಸೋದು? ಇವರು ನಮ್ಮ ಭಾವ, ಹೆಸರು ಆಮೇಲೆ ಹೇಳ್ತೀನಿ ಅಂದ್ರೆ ಜನ ನನ್ನ ಬಗ್ಗೆ ಏನಂದ್ಕೋಬೇಕು?" ಎಂದು ನೊಂದುಕೊಂಡ. ಸೋಮವಾರ ಸಾಹೇಬರೇ ಒಳಗೆ ಕರೆಸಿದರು. ಅಂದು ಭೇಷ್ ಎಂದವರಲ್ಲ, ಅವರು ನಿವೃತ್ತರಾಗಿ, ಅವರ ನಂತರದವರೂ ನಿವೃತ್ತರಾಗಿ, ಇವರು ಮೂರನೆಯವರು. ಮೇಜಿನ ಮೇಲೆ ಪೇಪರ್ ಇತ್ತು.

"ನೀವು ಹೆಸರು ಬದಲಾಯಿಸಿಕೊಂಡಿದ್ದೀರಾ?"

"ಇಲ್ಲ ಸಾರ್."

"ಹಾಗಾದ್ರೆ ಈ ಚಿತ್ರ ಬರೆದಿದ್ದು ಯಾರು?"

"ನಾನೇ ಸಾರ್."

"ಯಾವ ಹೆಸರಲ್ಲಿ?"

"ಆಮೇಲೆ ಹೇಳ್ತೀನಿ."

"ಆಮೇಲೆ ಅಲ್ಲ, ಈಗ ಹೇಳಿ."

"ಅದೇ ಸಾರ್, ಆಮೇಲೆ ಹೇಳ್ತೀನಿ."

ಸಾಹೇಬರು ಕನ್ನಡಕ ತೆಗೆದರು. "ನೋಡಿ, ನಾನು ತಾಳ್ಮೆಯ ಮನುಷ್ಯ. ಕೊನೆಯ ಸಲ ಕೇಳ್ತಿದ್ದೀನಿ."

ತಿದ್ದುಪಡಿಯವರು ಗಂಟಲು ಸರಿಮಾಡಿಕೊಂಡು ಪೇಪರಿನ ಮೇಲೆ ಬೆರಳಿಟ್ಟರು. ಸಾಹೇಬರು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ, ಹೆಸರು ತಿದ್ದುಪಡಿ ವಿಭಾಗದ ನೌಕರರೇ ಪೂರ್ವಾನುಮತಿಯಿಲ್ಲದೆ ಹೆಸರು ತಿದ್ದಿಕೊಂಡಿರುವುದೇಕೆ ಎಂದು ಏಳು ದಿನದೊಳಗೆ ವಿವರಣೆ ಕೊಡಬೇಕೆಂಬ ಮೆಮೊ ತಯಾರಾಯಿತು. ಅದನ್ನು ಟೈಪು ಮಾಡಿದವರು ಅದೇ ಹೆಸರಿನ ಇನ್ನೊಬ್ಬ ಗುಮಾಸ್ತರು. ಅವರು ಅಸೂಯೆಯಿಂದ, "ನಮ್ಮ ನಾಲ್ಕು ಜನರಲ್ಲಿ ಒಬ್ರಾದ್ರೂ ತಪ್ಪಿಸ್ಕೊಂಡ್ರಲ್ಲ" ಎಂದರು.

ಸಂಜೆ ತಿದ್ದುಪಡಿಯವರು ಪ್ರದರ್ಶನದ ಕೌಂಟರಿಗೆ ಧಾವಿಸಿದರು. ಹೆಸರು ತಪ್ಪಾಗಿದೆ, ಸರಿಪಡಿಸಬೇಕು.

"ತಿದ್ದುಪಡಿಗೆ ಅರ್ಜಿ ಕೊಡಿ" ಎಂದರು ಕೌಂಟರಿನಾಕೆ. "ಎರಡು ಫೋಟೋ, ಇಬ್ಬರು ಸಾಕ್ಷಿ. ಆಮೇಲೆ ಹೇಳ್ತೀನಿ ಅನ್ನೋರು ನೀವೇ ಅನ್ನೋದಕ್ಕೆ ಏನಾದ್ರೂ ದಾಖಲೆ."

"ನನ್ನ ಮುಖ ನೋಡಿ ಗೊತ್ತಾಗಲ್ವಾ? ನೀವೇ ಫಾರ್ಮು ತುಂಬಿದ್ದು."

"ಗೊತ್ತಾಗುತ್ತೆ. ಆದ್ರೆ ಮುಖ ದಾಖಲೆ ಅಲ್ಲ, ಸಾರ್."

ಈ ವಾಕ್ಯವನ್ನು ತಿದ್ದುಪಡಿಯವರು ಕಿಟಕಿಯ ಒಳಗಿನಿಂದ ಸಾವಿರಾರು ಸಲ ಹೇಳಿದ್ದರು. ಹೊರಗೆ ನಿಂತು ಕೇಳಿಸಿಕೊಂಡದ್ದು ಇದೇ ಮೊದಲು. ಬೇರೆಯೇ ವಾಕ್ಯದಂತೆ ಕೇಳಿಸಿತು. ಅರ್ಜಿ ಕೊಡದೆ ಮನೆಗೆ ಬಂದರು.

ಹೆಂಡತಿ ಎಲ್ಲ ಕೇಳಿ, "ತಿದ್ದಿಸಬೇಡಿ. ನೀವು ಇಷ್ಟು ವರ್ಷ ಇಂಥ ಹೆಸರನ್ನೇ ಅಲ್ವಾ ಹುಡುಕಿದ್ದು? ಅವರೂ ಎಲ್ಲೋ ಕೂತು ಪೇಪರ್ ಓದ್ತಿರ್ತಾರೆ. ಹೋಗಿ ಆ ಚಿತ್ರದ ಪಕ್ಕ ನಿಂತ್ಕೊಳ್ಳಿ" ಎಂದರು.

ಹಾಗೆ ತಿದ್ದುಪಡಿಯವರು ಹತ್ತು ದಿನ, ಕಚೇರಿ ಮುಗಿದ ಕೂಡಲೇ ಹೋಗಿ, ಬಾಗಿಲು ಮುಚ್ಚುವವರೆಗೆ ತಮ್ಮ ಚಿತ್ರದ ಎದುರು, ಆಚೆ ಗೋಡೆಗೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತರು. ಅವರ ಬೂದು ಬಣ್ಣದ ಪ್ಯಾಂಟು, ತೋಳು ಮಡಚದ ಅಂಗಿ ನೋಡಿ ಎಲ್ಲರೂ ಅವರನ್ನು ಕಾವಲಿನವರು ಎಂದುಕೊಂಡರು. ಮೂರನೇ ದಿನಕ್ಕೆ ಶೌಚಾಲಯ ಯಾವ ಕಡೆ, ಕುಡಿಯುವ ನೀರು ಎಲ್ಲಿ ಎಂಬುದು ಅವರಿಗೆ ಕಂಠಪಾಠವಾಯಿತು. ಒಬ್ಬರು ಕೊಡೆ ಕೊಟ್ಟು ಹೋದರು. ಆರನೇ ದಿನ ಕಲಾವಿಮರ್ಶಕರೇ ಬಂದರು. ಬೇರೆ ಯಾರೂ ಇಲ್ಲದ್ದರಿಂದ ಕಾವಲಿನವರಿಗೇ ಚಿತ್ರ ವಿವರಿಸಿದರು.

"ಈ ಪಿನ್ನು ನೋಡಿ. ಇದು ಆಧುನಿಕ ಮನುಷ್ಯನ ಗಾಯ."

"ಹೊಸ ಚಪ್ಪಲಿ ತಗೊಳ್ಳೋಕೆ ಪುರುಸೊತ್ತಿರಲಿಲ್ಲ ಸಾರ್ ಅವನಿಗೆ. ಎರಡು ತಿಂಗಳು ಹಾಗೇ ಓಡಾಡಿದ. ಮಳೇಲಿ ತುಕ್ಕು ಹಿಡಿದಿತ್ತು" ಎಂದರು ತಿದ್ದುಪಡಿಯವರು.

ವಿಮರ್ಶಕರು ಅವರನ್ನು ಕರುಣೆಯಿಂದ ನೋಡಿ, "ಕಲೆ ಅಂದ್ರೆ ಅಷ್ಟು ಸುಲಭ ಅಲ್ಲಪ್ಪ" ಎಂದು ಮುಂದೆ ಹೋದರು.

ಬಾಗಿಲು ತೆರೆದಾಗಲೆಲ್ಲ ತಿದ್ದುಪಡಿಯವರು ಕತ್ತು ಎತ್ತುತ್ತಿದ್ದರು. ಬಂದವರ ಮುಖಕ್ಕೆ ಮನಸ್ಸಿನಲ್ಲೇ ಇಪ್ಪತ್ತನಾಲ್ಕು ವರ್ಷ ಕಳೆದು ನೋಡುತ್ತಿದ್ದರು. ಕೆಲವರಿಗೆ ಕಳೆದರೆ ಏನೂ ಉಳಿಯುತ್ತಿರಲಿಲ್ಲ. ಇನ್ಸ್‌ಪೆಕ್ಟರೂ ಬಂದು ಬೆನ್ನು ಗೋಡೆಗೆ ಭದ್ರವಾಗಿ ಒತ್ತಿಕೊಂಡೇ ಮಾತಾಡಿಸಿ ಹೋದರು. ಸೊಟ್ಟ ಬರಲಿಲ್ಲ.

ಹತ್ತನೇ ದಿನ ಬಾಗಿಲು ಮುಚ್ಚುವ ಹೊತ್ತಿಗೆ ಕೌಂಟರಿನಾಕೆ ಬಂದು ಗೋಡೆಯ ಮೇಲಿನ ಚೀಟಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕತೊಡಗಿದರು. ಕೀಳುತ್ತಾ ಹೇಳಿದರು. "ಅಂದ ಹಾಗೆ ನಿಮ್ಮ ಚಿತ್ರ ನೋಡೋಕೆ ಅಂತಾನೇ ಒಬ್ರು ಬರ್ತಿದ್ರು. ಬೆಳಿಗ್ಗೆ ಹೊತ್ತು. ಇದು ಬರೆದಿದ್ದು ಯಾರು ಅಂತ ಕೇಳಿದ್ರು. ಆಮೇಲೆ ಹೇಳ್ತೀನಿ ಅಂದೆ."

"ಆಮೇಲೆ?"

"ಆಮೇಲೆ ಏನು, ಸರಿ ಅಂತ ಹೋಗಿ ಆ ಬೆಂಚಿನ ಮೇಲೆ ಕೂತ್ರು. ಮಧ್ಯಾಹ್ನದ ತನಕ ಕೂತಿದ್ದು ಎದ್ದು ಹೋದ್ರು. ಮಾರನೇ ದಿನ ಬಂದು, ಈಗ ಹೇಳ್ತೀರಾ ಮೇಡಂ ಅಂದ್ರು. ಹೇಳಿದ್ನಲ್ಲ ಸಾರ್, ಚೀಟೀಲೂ ಇದೆ, ಆಮೇಲೆ ಹೇಳ್ತೀನಿ ಅಂದೆ. ಮತ್ತೆ ಹೋಗಿ ಕೂತ್ರು. ಹಾಗೆ ಐದು ದಿನ. ತುಂಬಾ ತಾಳ್ಮೆ ಇರೋ ಮನುಷ್ಯ ಪಾಪ."

"ಯಾರವರು?"

"ಇವರೇ" ಎಂದು ಆಕೆ ತಿದ್ದುಪಡಿಯವರ ಬೆನ್ನ ಹಿಂದಿನ ಗೋಡೆ ತೋರಿಸಿದರು. "ಈ ಚಿತ್ರದವರು."

ಹತ್ತು ದಿನದಿಂದ ತಾವು ಬೆನ್ನು ಕೊಟ್ಟು ನಿಂತಿದ್ದ ಚಿತ್ರದ ಕಡೆಗೆ ತಿದ್ದುಪಡಿಯವರು ತಿರುಗಿದರು. ಒಂದು ಉದ್ದನೆಯ ಸಾಲು, ಎಲ್ಲರದ್ದೂ ಬೆನ್ನು. ಸಾಲಿನ ತುದಿಯಲ್ಲಿ ಸಣ್ಣ ಕಿಟಕಿ. ಅದರ ಹಿಂದೆ ತಲೆ ತಗ್ಗಿಸಿ ಕೂತ ಯುವಕ. ಮುಖ ಕಾಣುವುದಿಲ್ಲ, ನೀಟಾಗಿ ತೆಗೆದ ಬೈತಲೆ ಮಾತ್ರ. ಕಿಟಕಿಯ ಕಂಬಿಗಳು ಒಂದೂ ನೆಟ್ಟಗಿರಲಿಲ್ಲ. ಚಿತ್ರದ ಹೆಸರು, 'ಪರಿಚಯದವರು'. ಅದರ ಕೆಳಗೆ ಕಲಾವಿದರ ಹೆಸರು.

ಅದು ಬೀದಿಯಲ್ಲಿ ಕೂಗಿದರೆ ಎಂಟು ಜನ ತಿರುಗಿ ನೋಡುವಂಥ ಹೆಸರು. ಸೊಟ್ಟನ ಹುಟ್ಟುಹೆಸರು. ತಿದ್ದುಪಡಿಯವರಿಗೆ ಹೊಸದೂ ಅಲ್ಲ. ಹೋದ ವರ್ಷ ನೋಡಿದ್ದರು, ಅದರ ಹಿಂದಿನ ವರ್ಷ ನೋಡಿದ್ದರು, ಭಾನುವಾರದ ಅಂಕಣದಲ್ಲಿ ಕನಿಷ್ಠ ಹತ್ತು ಸಲ ಅದರ ಮೇಲೆ ಬೆರಳು ಹಾಯಿಸಿ ಮುಂದೆ ಹೋಗಿದ್ದರು. ಅರ್ಜಿ ತಿರಸ್ಕೃತವಾದ ಮೇಲೆ ಮನುಷ್ಯ ಯಾವ ಹೆಸರಿನಲ್ಲಿ ಬದುಕಬೇಕು ಎಂಬ ಪ್ರಶ್ನೆ, ಇಪ್ಪತ್ತನಾಲ್ಕು ವರ್ಷ ಅದೇ ವಿಭಾಗದಲ್ಲಿ ಕೂತ ಅನುಭವಸ್ಥರಿಗೆ ಹೊಳೆದೇ ಇರಲಿಲ್ಲ.

"ಅವರ ಫೋನ್ ನಂಬರ್..."

"ಕೊಡೋ ಹಾಗಿಲ್ಲ ಸಾರ್. ನಾಳೆ ಚಿತ್ರ ತಗೊಂಡು ಹೋಗೋಕೆ ಬರ್ತಾರೆ, ನೀವೇ ಮಾತಾಡಿ."

ಮರುದಿನ ರಜೆ ಹಾಕಿ, ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು, ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತರು. ದಾರಿಯುದ್ದಕ್ಕೂ ಮಾತು ಜೋಡಿಸಿದ್ದರು. ಮೊದಲು ಕ್ಷಮೆ, ಆಮೇಲೆ ಸಾಹೇಬರ ವಿಷಯ, ಆಮೇಲೆ ಅವನ ತಾಯಿಯ ಕೊನೆಗಾಲಕ್ಕೆ ತಾವು ಹೋಗಿ ಬಂದದ್ದು. ಹನ್ನೊಂದು ಗಂಟೆಗೆ ಬಾಗಿಲಲ್ಲಿ ಒಬ್ಬ ನರೆತ ಗಡ್ಡದ, ಸ್ವಲ್ಪ ಹೊಟ್ಟೆ ಬಂದ ಮನುಷ್ಯ ಕಾಣಿಸಿಕೊಂಡ. ಸೀದಾ 'ಪರಿಚಯದವರು' ಚಿತ್ರದ ಬಳಿ ಹೋಗಿ, ಬೂದು ಪ್ಯಾಂಟಿನವರನ್ನು ನೋಡದೆಯೇ, "ಏನಪ್ಪಾ, ಇದನ್ನ ಬಿಚ್ಕೋಬಹುದಾ?" ಎಂದ.

ಜೋಡಿಸಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ತಿದ್ದುಪಡಿಯವರ ಬಾಯಿಂದ ಅಭ್ಯಾಸಬಲದಿಂದ ಬಂದದ್ದು ಒಂದೇ. "ಅಲ್ಲಿ ಸಹಿ ಹಾಕ್ಬೇಕಾಗುತ್ತೆ, ಸ್ವಾಮಿ."

ಚಿತ್ರದ ಮೇಲಿದ್ದ ಕೈ ಹಾಗೇ ನಿಂತಿತು. ಆತ ನಿಧಾನವಾಗಿ ತಿರುಗಿದ. ಕೌಂಟರಿನಾಕೆ ಆಚೆ ಫೋನಿನಲ್ಲಿ ಜ್ವರ ಇಳಿಯಿತಾ ಎಂದು ಕೇಳುತ್ತಿದ್ದರು.

"ಬೈತಲೆ ಎಲ್ಲೋ ಹೋಯ್ತು?" ಎಂದ ಸೊಟ್ಟ.

"ಉದುರಿತು."

"ಏಣಿಗೆ ಏಳೇ ಮೆಟ್ಟಿಲು ಕಣೋ ಇದ್ದಿದ್ದು. ನೀನು ಎಂಟು ಬರೆದಿದ್ದೀಯ."

"ಎಂಟೇ. ಎಣಿಸಿದ್ದೀನಿ ನಾನು."

"ಏಳು. ಬಿದ್ದವನು ನಾನು, ನನಗೆ ಗೊತ್ತಿಲ್ವಾ?"

ಇದು ಹತ್ತು ನಿಮಿಷ ನಡೆಯಿತು. ಮುಗಿಯಲಿಲ್ಲ. ಇಬ್ಬರೂ ಬೆಂಚಿನ ಮೇಲೆ ಕೂತ ಮೇಲೆ ತಿದ್ದುಪಡಿಯವರು ನೆಲ ನೋಡುತ್ತಾ, "ಅವತ್ತು ನಾನು ಸೀಲು ಹಾಕಬಾರದಿತ್ತು" ಎಂದರು.

"ಸೀಲು ಬಿಡೋ. ಒಳ್ಳೇದೇ ಆಯ್ತು. ಬೂದಿ ಬೆಳದಿಂಗಳು ಅಂತ ಹೆಸರಿಟ್ಕೊಂಡಿದ್ರೆ ನನಗೆ ಯಾರು ಹೆಣ್ಣು ಕೊಡ್ತಿದ್ರು?" ಸೊಟ್ಟ ನಕ್ಕ. ಆಮೇಲೆ ನಗು ನಿಲ್ಲಿಸಿದ. "ನೀನು ನನ್ನನ್ನ ಸ್ವಾಮಿ ಅಂದೆ ನೋಡು. ನಿಂತ್ಕೊಳ್ಳಿ ಅಂದೆ. ನಮ್ಮವನೇ ನಮ್ಮನ್ನ ಬಹುವಚನದಲ್ಲಿ ಕರೆದ್ರೆ ಹೇಗಿರುತ್ತೆ ಅಂತ ಅವತ್ತು ಗೊತ್ತಾಯ್ತು."

ತಿದ್ದುಪಡಿಯವರು ಅಂಗಿಯ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡರು.

"ಒಂದ್ಸಲ ಬಂದಿದ್ದೆ ನಿನ್ನ ಕಚೇರಿಗೆ. ಹನ್ನೊಂದು ವರ್ಷ ಆಯ್ತು. ಮೂರನೇ ಕಿಟಕಿ ಮುಚ್ಚಿತ್ತು. ಅರ್ಧ ದಿನ ರಜೆ ಅಂದ್ರು. ಒಂದೂವರೆ ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ. ಆಮೇಲೆ, ಬೇಡ ಅನ್ನಿಸ್ತು. ಹೋದೆ."

ಇಪ್ಪತ್ತನಾಲ್ಕು ವರ್ಷದಲ್ಲಿ ತಿದ್ದುಪಡಿಯವರು ಹಾಕಿದ್ದ ಅರ್ಧ ದಿನದ ರಜೆ ಒಂದೇ ಒಂದು. ಯಾಕೆ ಹಾಕಿದ್ದೆಂದು ಅವರಿಗೆ ಚೆನ್ನಾಗಿ ನೆನಪಿತ್ತು. "ನೀಲಿ ಅಜ್ಜ ಅಂತ ಒಬ್ಬರ ಪ್ರದರ್ಶನ ಇತ್ತು, ಭಾನುವಾರಕ್ಕೆ ಮೊದಲೇ ಮುಗಿಯೋದಿತ್ತು. ಅದು ನೀನೇ ಅಂದ್ಕೊಂಡು ಹೋಗಿದ್ದೆ" ಎಂದರು.

ಸೊಟ್ಟ ಅವರ ಕಡೆ ತಿರುಗಿದ. "ನಾನ್ಯಾಕೋ ನೀಲಿ ಅಜ್ಜ ಆಗ್ಲಿ, ದಡ್ಡ" ಎಂದ. ಎದ್ದು ಚಿತ್ರ ಬಿಚ್ಚಿಕೊಳ್ಳಲು ಹೋದ.

ಚಿತ್ರಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ಸೊಟ್ಟನ ಮನೆ ಪಟ್ಟಣದ ಆ ತುದಿ, ತಿದ್ದುಪಡಿಯವರದ್ದು ಈ ತುದಿ. ಎರಡೂ ಕಡೆಯ ಬಸ್ಸು ನಿಲ್ಲುವುದು ಅಲ್ಲೇ. ಮೊದಲು ಸೊಟ್ಟನ ಬಸ್ಸು ಬಂತು. ಒಳಗೆ ಒಬ್ಬ ಅಜ್ಜಿ, ಅವರ ಮಡಿಲಲ್ಲಿ ಒಂದು ಚೀಲ, ಬಿಟ್ಟರೆ ಡ್ರ‍ೈವರು.

ಸೊಟ್ಟ ಬಗ್ಗಿ ನೋಡಿದ. "ತುಂಬಾ ರಶ್ಶು. ಮುಂದಿನದಕ್ಕೆ ಹೋಗ್ತೀನಿ" ಎಂದ.

ಐದು ನಿಮಿಷಕ್ಕೆ ತಿದ್ದುಪಡಿಯವರ ಬಸ್ಸು ಬಂತು. ಅದರಲ್ಲಿ ಯಾರೂ ಇರಲಿಲ್ಲ. ಕಂಡಕ್ಟರು ಬಾಗಿಲಲ್ಲಿ ನಿಂತು ಅವರನ್ನೇ ಕಾದ. ತಿದ್ದುಪಡಿಯವರು ಕತ್ತು ಉದ್ದ ಮಾಡಿ ಖಾಲಿ ಸೀಟುಗಳನ್ನೆಲ್ಲ ಕೊನೆಯವರೆಗೆ ಗಂಭೀರವಾಗಿ ಪರಿಶೀಲಿಸಿ, "ಇದರಲ್ಲೂ ಜಾಗ ಇಲ್ಲ" ಎಂದು ಹಿಂದೆ ಸರಿದು ನಿಂತರು.